ಬಡಿಸುವವರು ಬರಲಿ

ಹೋಟೆಲಿಗೆ ಹೋಗುವವರಲ್ಲಿ ಎರಡು ಜಾತಿ. ಮೆನು ಕಾರ್ಡ್ ಓದಿ ತಿನ್ನುವವರು, ಪಕ್ಕದ ಟೇಬಲ್ ನೋಡಿ ತಿನ್ನುವವರು. ನಾನು ಎರಡನೆಯ ಜಾತಿ. ಕಾರ್ಡನ್ನು ಎಷ್ಟು ಚೆಂದವಾಗಿ ಅಚ್ಚು ಹಾಕಿಸಿದ್ದರೂ ಅದನ್ನು ಓದಿ ನನಗೆ ಹಸಿವಾಗುವುದಿಲ್ಲ. ಆಚೆ ಟೇಬಲಿನ ಯಜಮಾನರ ಮುಂದೆ ಹಬೆಯಾಡುವ ತಟ್ಟೆ ಬಂದು ಕೂತರೆ ಮಾತ್ರ ‘ಅವರಿಗೆ ಕೊಟ್ರಲ್ಲ, ಅದೇ ನನಗೂ ಒಂದು’ ಅನ್ನುತ್ತೇನೆ. ಮನೆಯವರಿಗೆ ಇದು ನಾಚಿಕೆಗೇಡು. ಲೋಕದಲ್ಲಿ ನನ್ನಂಥವರಿಗೆಂದೇ ಒಂದು ಪದ್ಧತಿ ಇದೆಯೆಂದು ಗೊತ್ತಾದದ್ದು ಸಿಡ್ನಿಯಲ್ಲಿ, ಮಗಳ ಮನೆಗೆ ಹೋಗಿದ್ದಾಗ.

ಕ್ಯಾಂಟನ್ ಕಡೆಯ ಚೀನೀಯರು ಇದಕ್ಕೆ ಯಂ ಚಾ ಅನ್ನುತ್ತಾರೆ. ಹೆಸರಿಗೆ ಚಹಾ ಕುಡಿಯುವುದು. ನಡೆಯುವುದು ಗಂಟೆಗಟ್ಟಲೆ ತಿನ್ನುವುದು. ಭಾನುವಾರ ಬೆಳಗ್ಗೆ ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಬಂದು ದುಂಡು ಮೇಜಿನ ಸುತ್ತ ಕೂರುತ್ತಾರೆ. ನಾವು ಹೋದ ಹಾಲು ನಂಜನಗೂಡಿನ ಯಾವ ಕಲ್ಯಾಣ ಮಂಟಪಕ್ಕೂ ಕಡಿಮೆಯಿರಲಿಲ್ಲ. ಗದ್ದಲವಂತೂ ಅದಕ್ಕಿಂತ ಒಂದು ಕೈ ಮೇಲು. ಟೇಬಲುಗಳ ನಡುವೆ ಹೆಂಗಸರು ತಳ್ಳುಗಾಡಿ ತಳ್ಳಿಕೊಂಡು ಬರುತ್ತಾರೆ. ಗಾಡಿಯ ಮೇಲೆ ಒಂದರ ಮೇಲೊಂದು ಬಿದಿರಿನ ಪುಟ್ಟ ಬುಟ್ಟಿಗಳು. ಮುಚ್ಚಳ ತೆಗೆದು ತೋರಿಸುತ್ತಾರೆ, ಬೇಕೆಂದರೆ ಬೆರಳು ಮಾಡಬೇಕು, ಅಷ್ಟೆ. ಭಾಷೆ ಬೇಡ, ಕಾರ್ಡು ಬೇಡ. ತೆಳ್ಳಗಿನ ಹಿಟ್ಟಿನೊಳಗೆ ಸಿಗಡಿ ಕಾಣುವ ಹಾರ್ ಗಾವ್, ಹಂದಿಮಾಂಸ ತುಂಬಿದ ಸಿಯು ಮೈ, ಅಕ್ಕಿಹಿಟ್ಟಿನ ಹಾಳೆ ಸುತ್ತಿದ ಚೆಂಗ್ ಫನ್, ತಾವರೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟಕ್ಕಿ ಅನ್ನ. ಒಂದೊಂದು ಬುಟ್ಟಿಯಲ್ಲಿ ಮೂರು ನಾಲ್ಕು ತುಂಡು. ಎತ್ತಿಕೊಂಡಾಗಲೆಲ್ಲ ನಮ್ಮ ಮೇಜಿನ ಚೀಟಿಗೆ ಒಂದು ಮುದ್ರೆ ಬೀಳುತ್ತದೆ. ಏಳುವಾಗ ಮುದ್ರೆ ಎಣಿಸಿ ಬಿಲ್ಲು.

ಚಹಾಕ್ಕೂ ಶಾಸ್ತ್ರವುಂಟು. ನಿಮ್ಮ ಲೋಟಕ್ಕೆ ಯಾರಾದರೂ ಚಹಾ ಬಗ್ಗಿಸಿದರೆ ಬಾಯಲ್ಲಿ ಏನೂ ಹೇಳಬೇಕಾಗಿಲ್ಲ, ಎರಡು ಬೆರಳಿಂದ ಮೇಜನ್ನು ಮೆಲ್ಲಗೆ ಕುಟ್ಟಿದರೆ ಸಾಕು. ಚಿಯೆನ್‌ಲುಂಗ್ ಚಕ್ರವರ್ತಿ ಮಾರುವೇಷದಲ್ಲಿ ಊರು ಸುತ್ತುತ್ತ ತನ್ನ ಸೇವಕನಿಗೇ ಚಹಾ ಬಗ್ಗಿಸಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆಂದು ಸೇವಕ ಬೆರಳು ಮಡಚಿ ಮೇಜಿನ ಮೇಲೇ ಅಡ್ಡಬೀಳಿಸಿದನಂತೆ. ಹೂಜಿ ಖಾಲಿಯಾದರೆ ಮುಚ್ಚಳ ಓರೆ ಮಾಡಿಟ್ಟರಾಯಿತು, ಬಿಸಿನೀರು ತಾನಾಗಿ ಬರುತ್ತದೆ. ನಮ್ಮ ಕಡೆ ಎರಡನೇ ಸಲ ಸಾಂಬಾರಿಗೆ ಎಷ್ಟು ಹೊತ್ತು ಕತ್ತು ಚಾಚಿ ಕೂರಬೇಕೆಂದು ನೆನೆಸಿಕೊಂಡರೆ ಈ ಮುಚ್ಚಳದ ಉಪಾಯ ಬಹಳ ದೊಡ್ಡದು.

ಜೊತೆಗೆ ಬಂದಿದ್ದ ನಮ್ಮತ್ತಿಗೆ ಟಿ. ನರಸೀಪುರದವರು. ಆಗ ಶ್ರಾವಣ. ಶ್ರಾವಣ ಪೂರ್ತಿ ಬಾಡು ಮುಟ್ಟದವರು ಅವರು; ಸಮುದ್ರ ದಾಟಿದರೂ ಶನಿವಾರ ಶನಿವಾರವೇ ಅನ್ನುವ ಪೈಕಿ. ಅವರ ಪಾಲಿಗೆ ಸಿಕ್ಕಿದ್ದು ಹಾಲಿಲ್ಲದ ಚಹಾ, ಎಳ್ಳು ಹಚ್ಚಿ ಕರಿದ ಸಿಹಿ ಉಂಡೆ. ಆದರೂ ಮುಖದಲ್ಲಿ ಬೇಸರವಿರಲಿಲ್ಲ. ಗಾಡಿ ಬಂದಾಗಲೆಲ್ಲ ಮುಚ್ಚಳ ತೆಗೆಸಿ ನೋಡಿ, ತಲೆಯಾಡಿಸಿ ಮುಂದೆ ಕಳಿಸುತ್ತಿದ್ದರು. ಕೋಳಿ ಪಾದದ ಬುಟ್ಟಿ ಬಂದಾಗ ಮಾತ್ರ ನಿಟ್ಟುಸಿರುಬಿಟ್ಟರು. ಕೊನೆಗೆ ಮಗಳಿಗೆ ಹೇಳಿದರು: ‘ನಮ್ಮೂರ ಬೀಗರೂಟ ಕಣವ್ವ ಇದು. ಎಲೆ ಒಂದ್ ಹಾಕಿಲ್ಲ, ಅಷ್ಟೆಯ.’

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನರಸೀಪುರ, ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮದುವೆಯಾದ ಮೇಲೆ ನಡೆಯುವ ಬೀಗರೂಟ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಮಿಯಾನದಡಿ ಉದ್ದಕ್ಕೆ ಮೇಜು, ಮೇಜಿಗೆ ಸುರುಳಿ ಕಾಗದ, ಕಾಗದದ ಮೇಲೆ ಎಲೆ. ಎಲೆ ನೀರಲ್ಲಿ ಒದ್ದೆಯಾಗುವುದಕ್ಕೂ ಬಕೆಟ್ಟುಗಳ ಮೆರವಣಿಗೆ ಹೊರಡುವುದಕ್ಕೂ ಸರಿಹೋಗುತ್ತದೆ. ಮುದ್ದೆಯವನು ಮೊದಲು. ಅವನ ಹಿಂದೆ ಸಾರಿನವನು, ಕೈಮಾ ಉಂಡೆಯವನು, ಬೋಟಿ ಗೊಜ್ಜಿನವನು. ಕಾಲು ಸೂಪಿಗೆ ಒತ್ತು ಶಾವಿಗೆ ಇಟ್ಟಿದ್ದರೆ ಅದು ದೊಡ್ಡ ಮನೆಯ ಊಟ. ‘ಹಾಕುಸ್ಕಳಣ್ಣೋ, ನಾಚ್ಕಬ್ಯಾಡ’ ಅನ್ನುತ್ತ ಬಡಿಸುವವನು ಒಬ್ಬೊಬ್ಬರ ಮುಂದೂ ನಿಲ್ಲುತ್ತಾನೆ. ನೀವು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಒಂದು ತುಂಡು ಜಾರಿಸಿ ಹೋಗುವ ಕಸುಬು ಅವನಿಗೆ ಗೊತ್ತು. ಮಂಟಪದ ಸಸ್ಯಾಹಾರದ ಪಂಕ್ತಿಯಲ್ಲೂ ಇದೇ: ಕೋಸಂಬರಿ, ಪಲ್ಯ, ಚಿತ್ರಾನ್ನ, ತೊವ್ವೆ, ತುಪ್ಪ ಒಂದೊಂದಾಗಿ ನಡೆದುಕೊಂಡು ಬರುತ್ತವೆ. ಒಬ್ಬಟ್ಟು ಎಲ್ಲಿಯವರೆಗೆ ಬಂದಿದೆಯೆಂದು ಸಾಲಿನ ಆ ತುದಿಯನ್ನು ಓರೆಗಣ್ಣಲ್ಲಿ ಅಳೆಯುತ್ತ ಅನ್ನಕ್ಕೆ ಜಾಗ ಉಳಿಸಿಕೊಳ್ಳುವುದು ಒಂದು ವಿದ್ಯೆ.

ಕೊನೆಗೆ ಬಾಳೆಹಣ್ಣು. ನಂಜನಗೂಡಿನ ಪಂಕ್ತಿಯಲ್ಲಿ ರಸಬಾಳೆಯೇ ಬರಬೇಕಾದ್ದು ನ್ಯಾಯ. ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಆದರೆ ಸೊರಗು ರೋಗ ತೋಟಗಳನ್ನು ತಿಂದುಹಾಕಿ, ಈಗ ಎಲೆಗೆ ಬೀಳುವುದು ಏಲಕ್ಕಿ ಬಾಳೆ.

ಇನ್ನೊಂದು ಸಂಗತಿಯಲ್ಲೂ ಕ್ಯಾಂಟನ್ ಕಡೆಯವರೂ ನಾವೂ ಒಂದೇ. ಹಾಂಗ್‌ಕಾಂಗಿನ ಹಳೆಯ ಟೀ ಹೌಸುಗಳಲ್ಲಿ ಜಾಗ ಸಿಗದವರು ತಿನ್ನುವವರ ಕುರ್ಚಿಯ ಹಿಂದೆಯೇ ನಿಂತು ಕಾಯುತ್ತಾರಂತೆ. ನಮ್ಮ ಮಂಟಪಗಳಲ್ಲಿ ಮೊಸರನ್ನದ ಹೊತ್ತಿಗೆ ಮುಂದಿನ ಪಂಕ್ತಿಯವರ ಕೈ ನಮ್ಮ ಕುರ್ಚಿಯ ಬೆನ್ನಿಗೆ ಬಿದ್ದಿರುತ್ತದೆ. ನಾಚಿಕೆಯೆಂಬುದು ಕಾವೇರಿ ತೀರದಲ್ಲೂ ಇಲ್ಲ, ಪರ್ಲ್ ನದಿಯ ತೀರದಲ್ಲೂ ಇಲ್ಲ.

ಸಾವಿರಗಟ್ಟಲೆ ಜನ ಒಟ್ಟಿಗೆ ಉಣ್ಣುವುದು ಈ ಸೀಮೆಗೆ ಹೊಸದಲ್ಲ. ಸುತ್ತೂರು ಜಾತ್ರೆಯ ದಾಸೋಹದಲ್ಲಿ ಹಗಲೂ ರಾತ್ರಿ ಒಲೆ ಆರುವುದಿಲ್ಲ, ಉಣ್ಣುವವರ ಲೆಕ್ಕ ಲಕ್ಷದಲ್ಲಿ. ನರಸೀಪುರದಲ್ಲಿ ಕಾವೇರಿ, ಕಪಿಲೆ ಕೂಡುವಲ್ಲಿ 1989ರಲ್ಲಿ ಶುರುವಾದ ಕುಂಭಮೇಳ 2025ರ ಫೆಬ್ರವರಿಯಲ್ಲೂ ನಡೆಯಿತು. ಮಿಂದೆದ್ದವರಿಗೆಲ್ಲ ಅಲ್ಲಿಯೂ ಪ್ರಸಾದ. ಆದರೆ ಅಲ್ಲಿ ಭಕ್ತಿ ಮುಂದೆ, ನಾಲಿಗೆ ಹಿಂದೆ. ನಾನು ಹೇಳುತ್ತಿರುವುದು ನಾಲಿಗೆ ಮುಂದಿರುವ ಊಟದ ವಿಷಯ.

ಚೀನಾ ತಿಂಡಿ ನಮ್ಮೂರಿಗೆ ಬಂದೇ ಇಲ್ಲವೆನ್ನಲಾಗದು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಎಳೆದು ಸುಸ್ತಾದ ಹುಡುಗರು ಮುತ್ತುವುದು ಗೋಬಿ ಮಂಚೂರಿ ಗಾಡಿಯನ್ನೇ. 1975ರ ಸುಮಾರಿಗೆ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗ ಚಿಕನ್ ಮಂಚೂರಿ ಹುಟ್ಟಿಸಿದರೆಂದು ಹೇಳುತ್ತಾರೆ; ಕೋಳಿಯ ಜಾಗಕ್ಕೆ ಹೂಕೋಸು ಬಂದು, ಕಪಿಲಾ ತೀರಕ್ಕೂ ಬಂತು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿದ ಮೇಲೆ ಕೆಂಪು ಸ್ವಲ್ಪ ಇಳಿದಿದೆ, ಗಿರಾಕಿ ಇಳಿದಿಲ್ಲ. ನನ್ನ ತಕರಾರು ಬಣ್ಣದ್ದಲ್ಲ. ಯಂ ಚಾದಲ್ಲಿ ಗಾಡಿ ನಮ್ಮ ಹತ್ತಿರ ಬರುತ್ತದೆ. ಇಲ್ಲಿ ಗಾಡಿಯ ಹತ್ತಿರ ನಾವು ಹೋಗಿ, ನಿಂತು, ಟೂತ್‌ಪಿಕ್ಕಿನಲ್ಲಿ ಚುಚ್ಚಿಕೊಂಡು ತಿನ್ನಬೇಕು.

ನಿಂತು ತಿನ್ನುವ ರೋಗ ಗಾಡಿಯಿಂದ ಬಂದದ್ದೂ ಅಲ್ಲ. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ತಲೆಯೆತ್ತಿದವು, ಬರಬರುತ್ತ ಊಟಿ ರಸ್ತೆಯುದ್ದಕ್ಕೂ ಹಬ್ಬಿದವು. ಅದಕ್ಕೂ ಮುಂಚಿನ ಹೋಟೆಲಿನ ಸಪ್ಲೈಯರ್ ಒಬ್ಬ ನನ್ನ ಕಣ್ಣಿಗೆ ಕಟ್ಟಿದ್ದಾನೆ. ‘ಏನದೆ?’ ಅಂದರೆ ಸಾಕು, ಇಡ್ಲಿಯಿಂದ ಹಿಡಿದು ಸೆಟ್ ದೋಸೆಯವರೆಗೆ ಒಂದೇ ಉಸಿರಲ್ಲಿ ಒಪ್ಪಿಸುತ್ತಿದ್ದ. ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ತಟ್ಟೆ ಜೋಡಿಸಿಕೊಂಡು ಬಂದು, ಯಾರಿಗೆ ಯಾವುದೆಂದು ಕೇಳದೆ ಇಡುತ್ತಿದ್ದ. ನಾನು ಪಕ್ಕದ ಟೇಬಲ್ ನೋಡುತ್ತಿರುವುದನ್ನು ನೋಡಿಯೇ ‘ಅದು ಬ್ಯಾಡಿ ಸಾರ್, ಆರೋಗೈತೆ. ಬಿಸಿ ವಡೆ ಬತ್ತಾ ಅದೆ’ ಅನ್ನುತ್ತಿದ್ದ. ತಿಂದು ಎದ್ದರೆ ಗಲ್ಲಾದವರಿಗೆ ಕೇಳುವಂತೆ ಹಿಂದಿನಿಂದ ಕೂಗು: ‘ನೀಲಿ ಶರ್ಟು, ಎಂಟೂವರೆ!’ ನಾವೇನೇನು ತಿಂದೆವೆಂದು ಇಡೀ ಹೋಟೆಲಿಗೆ ತಿಳಿಯುತ್ತಿತ್ತು. ತಿಳಿದರೇನು?

ಈಗ ಟೇಬಲಿನ ಮೇಲೆ ಕ್ಯೂಆರ್ ಕೋಡು ಅಂಟಿಸಿದ್ದಾರೆ. ವಡೆ ಬಿಸಿಯಾಗಿದೆಯೋ ತಂಗಳೋ ಅದಕ್ಕೆ ಗೊತ್ತಿಲ್ಲ. ಅತ್ತ ಕ್ಯಾಂಟನ್ ಪದ್ಧತಿಯಲ್ಲೂ ಗಾಡಿ ಕಡಿಮೆಯಾಗುತ್ತಿದೆಯಂತೆ; ಎಷ್ಟೋ ಕಡೆ ಚೀಟಿಯಲ್ಲಿ ಗುರುತು ಹಾಕಿ ಕೊಟ್ಟರೆ ಒಳಗಿನಿಂದ ತಂದಿಡುತ್ತಾರೆ. ಹಾಂಗ್‌ಕಾಂಗಿನ ಸಿಟಿ ಹಾಲ್ ಕಟ್ಟಡದ ಮ್ಯಾಕ್ಸಿಮ್ಸ್ ಪ್ಯಾಲೇಸಿನ ಹೆಸರು ಇವತ್ತಿಗೂ ದೊಡ್ಡದಾಗಿರುವುದು ಗಾಡಿ ಬಿಡದೆ ಇಟ್ಟುಕೊಂಡದ್ದರಿಂದಲೂ ಹೌದು. ಚೀಟಿಯಿಂದ ಕೂಳು ದಂಡವಾಗುವುದು ತಪ್ಪುತ್ತದೆ, ಆಳಿನ ಖರ್ಚು ಉಳಿಯುತ್ತದೆ, ಬಿಸಿಯಾಗಿಯೂ ಸಿಗುತ್ತದೆ ಎಂದು ಮಗಳು ವಾದಿಸಿದಳು. ಎಲ್ಲ ಸರಿಯೆ. ಆದರೆ ಬೇಕೆಂದು ಅನ್ನಿಸದೇ ಇದ್ದದ್ದು ಕಣ್ಣ ಮುಂದೆ ಹಾದುಹೋಗಿ ಬೇಕೆನ್ನಿಸುವ ಸುಖ ಚೀಟಿಯಲ್ಲಿಲ್ಲ.

ಮದುವೆ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಬಫೆ ಇಡಿ, ಚಾಟು ಇಡಿ, ಐಸ್‌ಕ್ರೀಮಿನ ಪಕ್ಕ ಮೋಮೋ ಬೇಕಾದರೂ ಇಡಿ. ಅರವತ್ತು ದಾಟಿದವರಿಗೆಂದಾದರೂ ಒಂದು ಪಂಕ್ತಿ ಎಲೆ ಹಾಕಿಸಿ. ಒಬ್ಬಟ್ಟಿನವನನ್ನು ಎರಡು ಸಲ ಕಳಿಸಿ; ಮೊದಲ ಸಲ ನಾವು ಬೇಡ ಅಂದೇ ಅನ್ನುತ್ತೇವೆ.