ಕೆರೂರಿನ ಹಸಿ ಪಲ್ಲೆ

ಹುಬ್ಬಳ್ಳಿಯಿಂದ ವಿಜಯಪುರದತ್ತ ಸಾಗುವ ಹೆದ್ದಾರಿಯಲ್ಲಿ ನವಲಗುಂದ, ನರಗುಂದಗಳನ್ನು ದಾಟಿ, ಕೊಣ್ಣೂರಿನ ಬಳಿ ಮಲಪ್ರಭೆಯ ಸೇತುವೆಯನ್ನು ಹಿಂದಿಕ್ಕಿ ಮುಂದುವರಿದರೆ ಕೆರೂರ ಸಿಗುತ್ತದೆ. ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲೂಕಿಗೆ ಸೇರಿದ ಊರು. ಬಾದಾಮಿಯ ಗುಹಾಲಯಗಳನ್ನು ನೋಡಹೊರಟ ಪ್ರವಾಸಿಗರು ಇದಕ್ಕೂ ಮೊದಲೇ ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿಬಿಡುವುದರಿಂದ, ಕೆರೂರಿನಲ್ಲಿ ಬಸ್ಸಿನಿಂದ ಇಳಿಯುವವರು ಬಹುಮಟ್ಟಿಗೆ ಆ ಊರಿನವರೇ ಅಥವಾ ಆ ಊರಿನಲ್ಲಿ ಕೆಲಸವುಳ್ಳವರೇ. ಹಳೆಯ ಕೋಟೆಯ ಅವಶೇಷ, ಮಗ್ಗದ ಸದ್ದು ಕೇಳಿಬರುವ ಓಣಿಗಳು, ಸುತ್ತಲೂ ಜೋಳ ಕಡಲೆಗಳ ಹೊಲ, ಸಂತೆಯ ಗದ್ದಲ, ಇಷ್ಟೇ ಇಲ್ಲಿನ ವೈಭವ. ಚಿತ್ರ ತೆಗೆಯುವವರಿಗೆ ಇಲ್ಲಿ ಹೆಚ್ಚಿನ ಕೆಲಸವಿಲ್ಲ; ಆದರೆ ಊಟದ ತಟ್ಟೆಯನ್ನು ಗಮನವಿಟ್ಟು ನೋಡುವವರಿಗೆ ಕೆಲಸವುಂಟು.

ನಾನು ಅಲ್ಲಿಗೆ ಹೋದುದು ಪುಷ್ಯಮಾಸದಲ್ಲಿ, ಬನದ ಹುಣ್ಣಿಮೆಗೆ ಇನ್ನು ಕೆಲವೇ ದಿನಗಳಿದ್ದಾಗ. ಆ ಕಾಲದಲ್ಲಿ ಈ ಸೀಮೆಯ ಸಂತೆಗೆ ಹೋದವರು ಮೊದಲು ಕಾಣುವುದು ಹಸಿರನ್ನು. ಮೆಂತ್ಯೆ, ಸಬ್ಬಸಗಿ, ಕೊತ್ತಂಬರಿ, ರಾಜಗಿರಿ, ಪುಂಡಿ, ಎಲೆಸಮೇತವಾದ ಮೂಲಂಗಿ, ತಪ್ಪಲು ಬಿಡಿಸದ ಉಳ್ಳಾಗಡ್ಡಿ, ಗಜ್ಜರಿ, ಎಳೆಯ ಸವತೆ, ಗಿಡಸಹಿತ ಕಿತ್ತು ತಂದ ಹಸಿ ಕಡಲೆ ಇವೆಲ್ಲ ಗೋಣಿತಟ್ಟಿನ ಮೇಲೆ ಸಾಲಾಗಿ ಹರಡಿರುತ್ತವೆ. ಕೊಳ್ಳುವ ಹೆಂಗಸರು ಮೆಂತ್ಯೆಯ ಸಿವುಡಿನಿಂದ ಎರಡೆಲೆ ಚಿವುಟಿ ಬಾಯಿಗೆ ಹಾಕಿಕೊಂಡು, ಕಹಿ ಹದವಾಗಿದೆಯೇ ಎಂದು ನೋಡಿ, ಆಮೇಲೆ ದರ ಕೇಳುತ್ತಾರೆ. ಮಾರುವವಳೂ ಅದಕ್ಕೆ ಸಿಡುಕುವುದಿಲ್ಲ. ಹಸಿಯಾಗಿ ತಿನ್ನಲಿಕ್ಕೆಂದೇ ಕೊಳ್ಳುವ ಪಲ್ಲೆಯನ್ನು ಹಸಿಯಾಗಿಯೇ ಪರೀಕ್ಷಿಸಬೇಕಲ್ಲವೆ?

ಈ ಸಾಲಿನಲ್ಲಿ ಪಟ್ಟಣದವರು ಗುರುತಿಸಲಾರದ ಒಂದು ಸೊಪ್ಪುಂಟು. ಅದು ಹಕ್ಕರಿಕಿ. ಇದನ್ನು ಯಾರೂ ಬಿತ್ತುವುದಿಲ್ಲ. ಹೊಲದ ಬೆಳೆಯ ನಡುವೆ ನೆಲಕ್ಕೆ ಅಂಟಿಕೊಂಡಂತೆ ತಾನೇ ತಾನಾಗಿ ಹರಡುವ ಕಳೆ ಇದು. ಕಳೆ ಕೀಳಲು ಹೋದವರು ಮಡಿಲು ತುಂಬ ತಂದು, ತೊಳೆದು, ಖಾರದ ಪುಡಿ ಎಣ್ಣೆಗಳೊಂದಿಗೆ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ಇದರ ಕಹಿ ಮೆಂತ್ಯೆಯಷ್ಟು ಗಡುಸಲ್ಲ. ತಿಂದ ಮೇಲೆ ಬಾಯಲ್ಲಿ ಒಂದು ತಂಪು ಉಳಿಯುತ್ತದೆ.

ಅಂದು ಮಧ್ಯಾಹ್ನ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಬೇಳೆ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಇವುಗಳ ನಡುವೆ ಒಂದು ಅಗಲವಾದ ತಾಟಿನ ತುಂಬ ಹಸಿಯದೇ ರಾಶಿ: ಮೂಲಂಗಿ, ಮೆಂತ್ಯೆ, ಹಕ್ಕರಿಕಿ, ಉಳ್ಳಾಗಡ್ಡಿ, ಸವತೆಯ ಹೋಳು. ಸ್ನೇಹಿತರ ತಾಯಿ ಎಪ್ಪತ್ತು ದಾಟಿದವರು. ಅವರ ಪಕ್ಕದಲ್ಲಿ ಹುಬ್ಬಳ್ಳಿಯಿಂದ ರಜೆಗೆ ಬಂದ ಏಳೆಂಟು ವರ್ಷದ ಮೊಮ್ಮಗ. ಹುಡುಗನು ತಾಟನ್ನು ನೋಡಿ ಮುಖ ಸಿಂಡರಿಸಿದನು. ಅವನ ತಾಯಿ, “ತಿನ್ನೋ, ಕಣ್ಣಿಗೆ ಛಲೋ, ರಕ್ತಕ್ಕ ಛಲೋ” ಎಂದು ಪಟ್ಟಿಯನ್ನೇ ಒಪ್ಪಿಸಿದರು. ಅವನು ತಲೆಯೆತ್ತಲಿಲ್ಲ.

ಅಜ್ಜಿ ಏನನ್ನೂ ಹೇಳಲಿಲ್ಲ. ಮೂಲಂಗಿಯೊಂದನ್ನು ಎತ್ತಿಕೊಂಡು ಕಟಕ್ಕನೆ ಕಡಿದರು. ಮೆಂತ್ಯೆಯ ನಾಲ್ಕು ಎಸಳನ್ನು ರೊಟ್ಟಿಯ ಚೂರಿನಲ್ಲಿ ಸುತ್ತಿ, ಚಟ್ನಿಗೆ ಅದ್ದಿ, ನಿಧಾನವಾಗಿ ಅಗಿಯತೊಡಗಿದರು. ಅವರ ಮಗನೂ ಹಾಗೆಯೇ ಮಾಡಿದರು. ಮಾತು ಮಳೆಯ ಕಡೆಗೆ, ಜೋಳದ ದರದ ಕಡೆಗೆ ಹೊರಳಿತು. ಸ್ವಲ್ಪ ಹೊತ್ತಿನಲ್ಲಿ ಹುಡುಗನು, “ಆಯೀ, ನನಗೂ ಸಣ್ಣದೊಂದು ಕೊಡು” ಎಂದನು. ಆಕೆ, “ನೀನ ತಗೋ, ನಿನ್ನ ಕೈ ಏನ್ ದೂರ ಅದ?” ಎಂದಷ್ಟೇ ಅಂದರು. ಅವನು ತೆಗೆದುಕೊಂಡನು, ಖಾರಕ್ಕೆ ಕಣ್ಣು ಮುಚ್ಚಿದನು, ಅರ್ಧವನ್ನು ಬಿಟ್ಟನು. ಬಿಟ್ಟ ಅರ್ಧದ ಬಗೆಗೂ ಯಾರೂ ಮಾತಾಡಲಿಲ್ಲ.

ಆಮೇಲೆ ನಾನು ಆ ತಾಯಿಯನ್ನು, “ಅಮ್ಮಾರೆ, ಹುಡುಗರಿಗೆ ಇದನ್ನು ತಿನ್ನಲಿಕ್ಕೆ ಹೇಗೆ ಕಲಿಸುತ್ತೀರಿ?” ಎಂದು ಕೇಳಿದೆನು. “ಕಲಿಸೂದ ಏನ್ರೀ ಸರ ಅದರಾಗ? ನಾವ್ ತಿಂತೀವಿ, ಅವು ನೋಡ್ತಾವ” ಎಂದರು. ಪಾಠ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನನಗೆ ಈ ಉತ್ತರ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು.

ಹಸಿಯನ್ನು ತಿನ್ನುವ ಈ ರೂಢಿ ಯಾವ ಆರೋಗ್ಯಶಾಸ್ತ್ರದ ಗ್ರಂಥದಿಂದಲೂ ಬಂದುದಲ್ಲ, ನೆಲದಿಂದ ಬಂದುದು. ಇದು ಮಳೆ ಕಡಿಮೆಯಾದ ಬಯಲುಸೀಮೆ. ಹಿಂಗಾರಿನ ತೇವದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ ಹಸಿರು ಸಮೃದ್ಧವಾಗಿರುತ್ತದೆ. ಬೇಸಗೆ ಬಂದಿತೆಂದರೆ ಒಣಕಾಳು, ಒಣಚಟ್ನಿಗಳೇ ಗತಿ. ಇರುವಾಗ ತಿನ್ನಬೇಕು. ಹೊಲದಲ್ಲಿ ದುಡಿಯುವವರು ಬುತ್ತಿಯಲ್ಲಿ ರೊಟ್ಟಿ ಚಟ್ನಿ ಕಟ್ಟಿಕೊಂಡು ಹೋಗಿ, ಪಲ್ಲೆಯನ್ನು ಅಲ್ಲಿಯೇ ಕಿತ್ತುಕೊಳ್ಳುತ್ತಾರೆ. ಬೇಯಿಸಲು ಒಲೆಯೂ ಬೇಡ, ಸೌದೆಯೂ ಬೇಡ. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವಾಗಲೂ ಹಸಿ ಕಡಲೆಯ ಕಾಯಿ ಸುಲಿದು ತಿನ್ನುವುದು ಊಟದ ಒಂದು ಭಾಗವೇ.

ಇದರ ಹಿಂದೆ ಬರಗಾಲದ ನೆನಪೂ ಇದೆ. 1876ರಿಂದ 78ರ ಮಹಾಕ್ಷಾಮದಲ್ಲಿ ಈ ಪ್ರದೇಶ ಅಂದಿನ ಕಲಾದಗಿ ಜಿಲ್ಲೆಗೆ ಸೇರಿತ್ತು. ಮುಂಬಯಿ ಪ್ರಾಂತದಲ್ಲಿ ಆ ಕ್ಷಾಮಕ್ಕೆ ಅತಿ ಹೆಚ್ಚು ತುತ್ತಾದ ಜಿಲ್ಲೆಗಳಲ್ಲಿ ಅದೂ ಒಂದು. 1872 ಮತ್ತು 1881ರ ಜನಗಣತಿಗಳ ನಡುವೆ ಅಲ್ಲಿನ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಅಂಥ ಕಾಲವನ್ನು ಕಂಡ ನೆಲದಲ್ಲಿ ತಿನ್ನಬಹುದಾದ ಎಲೆ ಯಾವುದು, ತಿನ್ನಬಾರದ ಎಲೆ ಯಾವುದು ಎಂಬ ಅರಿವು ವಿನೋದದ ವಿಷಯವಲ್ಲ.

ಕೆರೂರಿನಿಂದ ಬಾದಾಮಿಗೆ, ಅಲ್ಲಿಂದ 5 ಕಿಲೋಮೀಟರು ಮುಂದೆ ಬನಶಂಕರಿಗೆ ಹೋದರೆ ಈ ಅರಿವೇ ದೇವತೆಯಾಗಿ ಕುಳಿತಿರುವುದನ್ನು ಕಾಣಬಹುದು. ಬನಶಂಕರಿಗೆ ಶಾಕಾಂಬರಿ ಎಂಬುದು ಇನ್ನೊಂದು ಹೆಸರು. ನೂರು ವರ್ಷ ಮಳೆಯಿಲ್ಲದೆ ಲೋಕ ಬಾಡಿದಾಗ ದೇವಿಯು ತನ್ನ ದೇಹದಿಂದಲೇ ಶಾಕಗಳನ್ನು ಹುಟ್ಟಿಸಿ, ಮಳೆ ಬರುವತನಕ ಜೀವಿಗಳನ್ನು ಸಲಹುವಳೆಂಬ ಕಥೆ ಮಾರ್ಕಂಡೇಯ ಪುರಾಣದ ದೇವೀ ಮಾಹಾತ್ಮ್ಯೆಯಲ್ಲಿ ಬರುತ್ತದೆ. ಈಗಿರುವ ಗುಡಿಯನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಕಟ್ಟಿಸಿದನು. ಎದುರಿನ ಹರಿದ್ರಾ ತೀರ್ಥವೆಂಬ ಹೊಂಡ ಅದಕ್ಕೂ ಹಳೆಯದು. ಬನದ ಹುಣ್ಣಿಮೆಯ ಹಿಂದಿನ ದಿನ ಇಲ್ಲಿ ಪಲ್ಲೇದ ಹಬ್ಬ. ಅಂದು ದೇವಿಗೆ 108 ಬಗೆಯ ತರಕಾರಿ ಪದಾರ್ಥಗಳ ನೈವೇದ್ಯ. ಮರುದಿನ ತೇರು, ಆ ಮೇಲೆ ವಾರಗಟ್ಟಲೆ ಜಾತ್ರೆ, ನಾಟಕ ಕಂಪನಿಗಳ ಡೇರೆ. ನೈವೇದ್ಯದ ನೆಪದಿಂದಲಾದರೂ ನೂರೆಂಟು ಬಗೆಗಳ ಹೆಸರನ್ನು ನೆನಪಿಟ್ಟುಕೊಳ್ಳಬೇಕಾಗುವ ಜನರು ಪುಣ್ಯವಂತರು.

ಹಸಿಯಾಹಾರದ ವಿಷಯದಲ್ಲಿ ತಾನು ಮಾಡಿ ತೋರಿಸಿದ ಇನ್ನೊಬ್ಬ ಹಿರಿಯರೆಂದರೆ ಗಾಂಧೀಜಿ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ, 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಅವರು, 1929ರಲ್ಲಿ ಬೆಂಕಿ ಮುಟ್ಟದ ಆಹಾರದ ಪ್ರಯೋಗವನ್ನು ಕೈಗೊಂಡರು. ಮೊಳಕೆಯ ಗೋಧಿ, ಅರೆದ ಬಾದಾಮಿ, ಜಜ್ಜಿದ ಹಸಿರೆಲೆ, ನಿಂಬೆ, ಜೇನು ಇವೇ ಅವರ ಊಟ. ಆಶ್ರಮದ ಅನೇಕರು ಜೊತೆಗೂಡಿದರು. ಕೆಲವೇ ತಿಂಗಳಲ್ಲಿ ಅವರ ಆರೋಗ್ಯ ಕೆಟ್ಟಿತು. ಅವರು ಪ್ರಯೋಗವನ್ನು ನಿಲ್ಲಿಸಿ ಆಡಿನ ಹಾಲಿಗೆ ಮರಳಿದರು. ಆರಂಭಿಸಿದುದನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬರೆದಂತೆಯೇ ಬಿಟ್ಟುದನ್ನೂ ಬರೆದರು. ಮುಂದೆ 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಅವರು ಬರೆದ ಆರೋಗ್ಯದ ಪುಸ್ತಕದಲ್ಲಿ ದಿನದ ಆಹಾರದ ಪಟ್ಟಿಯೊಂದಿದೆ. ಹಾಲು, ಧಾನ್ಯ, ಸೊಪ್ಪು, ಇತರ ತರಕಾರಿಗಳ ಜೊತೆಯಲ್ಲಿ ಹಸಿ ತರಕಾರಿಗೆ ಅವರು ಕೊಟ್ಟ ಪಾಲು 1 ಔನ್ಸು, ಎಂದರೆ ಸುಮಾರು 28 ಗ್ರಾಂ.

ಆ ಒಂದು ಔನ್ಸು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ತಟ್ಟೆಯೆಲ್ಲ ಹಸಿಯಾಗಬೇಕೆಂಬ ಹಟದಿಂದ ಹೊರಟವರು ತಟ್ಟೆಯಲ್ಲಿ ಹಸಿಯೂ ಇರಬೇಕೆಂಬ ವಿವೇಕಕ್ಕೆ ಬಂದರು. ಕೆರೂರಿನ ತಾಟು ಯಾವ ಪ್ರಯೋಗವನ್ನೂ ಮಾಡದೆ ಅಲ್ಲಿಯೇ ನಿಂತಿದೆ. ಅಲ್ಲಿನವರು ಮೆಂತ್ಯೆಯನ್ನು ಹಸಿಯಾಗಿಯೂ ತಿನ್ನುವರು, ಬೇಯಿಸಿಯೂ ತಿನ್ನುವರು. ಹುಳಿಯಾದ ಪುಂಡಿಯನ್ನು ಬೇಯಿಸಿಯೇ ಉಣ್ಣುವರು. ಮಳೆ ತಪ್ಪಿ ಬಾಡಿದ ಎಳೆ ಜೋಳವನ್ನು ಮೇದ ದನ ವಿಷವೇರಿ ಸಾಯುವುದುಂಟೆಂದು ರೈತನಿಗೆ ಗೊತ್ತು. ಹಸಿಯಾದುದೆಲ್ಲ ಹಿತವೆಂಬ ಭ್ರಮೆ ಒಕ್ಕಲುತನದ ಮನೆಯಲ್ಲಿ ನಿಲ್ಲುವುದಿಲ್ಲ.

ವಿಜ್ಞಾನವೂ ಹೀಗೆಯೇ ಹೇಳುತ್ತದೆ. ಸಿ ಜೀವಸತ್ವ ಬಿಸಿಗೆ ನಾಶವಾಗುತ್ತದೆ, ಬೇಯಿಸಿದ ನೀರಿನೊಡನೆ ಹರಿದುಹೋಗುತ್ತದೆ. ಹಸಿಯಲ್ಲಿ ಅದು ಉಳಿಯುತ್ತದೆ. ಧಾನ್ಯ ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಶರೀರ ಹೀರಿಕೊಳ್ಳುವುದಕ್ಕೆ ಈ ಸತ್ವವೇ ನೆರವಾಗುವುದರಿಂದ, ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯೆಯೂ ನಿಂಬೆಯ ಹೋಳೂ ಇರುವುದು ಒಳ್ಳೆಯ ಜೋಡಿ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿರುವಾಗ ಇದು ಸಣ್ಣ ಮಾತಲ್ಲ. ಆದರೆ ಗಜ್ಜರಿಯ, ಸೊಪ್ಪಿನ ಕ್ಯಾರೊಟಿನ್ ಬೇಯಿಸಿದಾಗ, ಎಣ್ಣೆಯ ಜೊತೆಗಿದ್ದಾಗ ಹೆಚ್ಚು ದಕ್ಕುತ್ತದೆ. ಬಿ-12 ಜೀವಸತ್ವ ಸಸ್ಯಗಳಲ್ಲಿ ದೊರೆಯುವುದಿಲ್ಲ. ಮಾಂಸ ತಿನ್ನದವರಿಗೆ ಹಾಲು ಮೊಸರುಗಳೇ ಅದಕ್ಕೆ ಆಧಾರ. ಎಣ್ಣೆ ಬೆರೆಸಿದ ಪಚಡಿಯನ್ನೂ ಮೊಸರನ್ನೂ ಒಂದೇ ತಾಟಿನಲ್ಲಿ ಕೂಡಿಸಿದವರು ಈ ಲೆಕ್ಕವನ್ನು ಓದಿರಲಿಲ್ಲ. ಆದರೂ ಲೆಕ್ಕ ಸರಿಯಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕೆನ್ನುತ್ತದೆ. ಅದರಲ್ಲಿ ಹಸಿಯದು ಒಂದು ಪಾಲು. ಅದು ಇಷ್ಟೇ ಎಂಬ ಹಟ ಬೇಡ, ಇರಲೇಬೇಕೆಂಬ ನಿಯಮ ಸಾಕು.

ಈ ತಾಟಿಗೆ ಈಗ ಎರಡು ಕಡೆಯಿಂದ ಕುತ್ತು. ಒಂದು, ಹೊಲದಿಂದ. ಕಳೆ ಕೀಳುವ ಕೂಲಿ ದುಬಾರಿಯಾಗಿ ಕಳೆನಾಶಕ ಸಿಂಪಡಿಸುವಲ್ಲಿ ಹಕ್ಕರಿಕಿಯೂ ಸಾಯುತ್ತದೆ. ಬದುಕುಳಿದರೂ ಅದನ್ನು ಬಾಯಿಗಿಡಲು ಧೈರ್ಯ ಬರುವುದಿಲ್ಲ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನ ಮೂಲಕ ಹುಳುವಿನ ಮೊಟ್ಟೆ ಹೊಟ್ಟೆ ಸೇರುವ ಭಯ ಪಟ್ಟಣದಲ್ಲಿ ಬೇರೆ ಇದೆ. ಆದ್ದರಿಂದ ಎಲ್ಲಿ ಬೆಳೆದುದೆಂದು ಕೇಳಿ ಕೊಳ್ಳುವುದೂ, ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ತೊಳೆಯುವುದೂ ಇಂದು ಹಸಿಯಾಹಾರದ ಮೊದಲ ಪಾಠ.

ಇನ್ನೊಂದು ಕುತ್ತು ಮನೆಯೊಳಗಿನದು. ಮಕ್ಕಳಿಗೆ ಸವತೆಕಾಯಿಯ ಡಬ್ಬಿ ಕಟ್ಟಿ ಕಳಿಸುವ ತಂದೆ ತಾಯಿಗಳು ತಾವು ಮಾತ್ರ ಸಂಜೆಗೆ ಕರಿದ ಪೊಟ್ಟಣವನ್ನು ಬಿಚ್ಚುತ್ತಾರೆ. ಮಗು ಡಬ್ಬಿಯನ್ನು ನೋಡುವುದಿಲ್ಲ, ಪೊಟ್ಟಣವನ್ನು ನೋಡುತ್ತದೆ. ಊಟದ ವಿಷಯದಲ್ಲಿ ಮಕ್ಕಳಷ್ಟು ನಿಷ್ಠುರರಾದ ಪರೀಕ್ಷಕರು ಯಾವ ವಿಶ್ವವಿದ್ಯಾಲಯದಲ್ಲಿಯೂ ಇಲ್ಲ. ಹಿರಿಯರು ಎಲ್ಲರಿಗೂ ಕೈ ನಿಲುಕುವಂತೆ ತಾಟನ್ನು ನಡುವಿಟ್ಟು, ಮೊದಲ ಮೂಲಂಗಿಯನ್ನು ತಾವೇ ಕಡಿದು, ಮಿಕ್ಕ ಮಾತನ್ನು ಮಳೆ ಬೆಳೆಗಳ ಕಡೆಗೆ ತಿರುಗಿಸಿದರೆ ಸಾಕು. ಉಳಿದುದನ್ನು ಹಸಿವು ಮಾಡುತ್ತದೆ.

ಬಾದಾಮಿಯ ಕಡೆಗೆ ಹೊರಟ ವಾಚಕರು ಸಾಧ್ಯವಾದರೆ ಪುಷ್ಯಮಾಸವನ್ನೇ ಆರಿಸಿಕೊಳ್ಳಲಿ. ಬನಶಂಕರಿಯ ಗುಡಿಯ ಆವರಣದಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ಹೊತ್ತುಕೊಂಡು ಬರುತ್ತಾರೆ. ಮರದ ನೆರಳಿನಲ್ಲಿ ಕುಳಿತು ಅವರಿಂದ ಕೊಂಡು ಉಣ್ಣಿರಿ. ಸಂತೆಯಿಂದ ಮೂಲಂಗಿ, ಮೆಂತ್ಯೆಗಳನ್ನೂ ತಂದು ತೊಳೆದಿಟ್ಟುಕೊಂಡಿದ್ದರೆ ಊಟ ಪೂರ್ಣವಾಗುತ್ತದೆ. ಮಕ್ಕಳು ಜೊತೆಗಿದ್ದರೆ ಅವರಿಗೆ ಏನನ್ನೂ ಹೇಳಬೇಡಿ.