ಕಿರಿಕಿರಿ

ನನ್ನ ಕಾರಿಗೆ ಮಾತು ಬಂದದ್ದು ಕಳೆದ ಬೇಸಗೆಯಲ್ಲಿ. ಅಲ್ಲಿಯವರೆಗೆ ಅದು ಮಿತಭಾಷಿಯೇ. ಮಾರುತಿ ೮೦೦ ಎಂಬ ಈ ವಂಶ ನಮ್ಮ ದೇಶದ ರಸ್ತೆಗೆ ಇಳಿದದ್ದು ೧೯೮೩ರ ಡಿಸೆಂಬರಿನಲ್ಲಿ. ೨೦೧೪ರಲ್ಲಿ ಅದರ ತಯಾರಿಕೆ ನಿಂತಿತು. ನನ್ನದು ಆ ವಂಶದ ಕೊನೆಯ ಕುಡಿಗಳಲ್ಲೊಂದು. ಇನ್ನೊಬ್ಬರು ಓಡಿಸಿ ಬಿಟ್ಟದ್ದನ್ನು ನಾನು ಕೊಂಡೆ. ಅದಕ್ಕೂ ವಯಸ್ಸಾಯಿತು, ನನಗೂ ಆಯಿತು. ಒಬ್ಬರ ಮೇಲೊಬ್ಬರು ದೂರು ಹೇಳದೆ ಕಾಲ ಹಾಕುತ್ತಿದ್ದೆವು.

ಮೊದಲು ರಸ್ತೆಯ ಉಬ್ಬು ಏರಿದಾಗ ಒಂದು ‘ಕಿರ್’ ಕೇಳಿಸಿತು. ಇಳಿಯುವಾಗ ಇನ್ನೊಂದು. ಎರಡೂ ಸೇರಿ ‘ಕಿರಿಕಿರಿ’ ಎಂಬ ಪದ ಸಿದ್ಧವಾಯಿತು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಚಟಚಟ, ಧಗಧಗ, ಗುಳುಗುಳು ಎಂಬ ಅನುಕರಣಾವ್ಯಯಗಳನ್ನು ಇಪ್ಪತ್ತು ವರ್ಷಗಳಿಂದ ಹುಡುಗರ ಕಿವಿಗೆ ತುಂಬಿದ್ದೇನೆ. ಅವ್ಯಯವೆಂದರೆ ವ್ಯಯವಿಲ್ಲದ್ದು ಎಂದರ್ಥ. ಕಾರಿನ ಈ ಅವ್ಯಯ ಮಾತ್ರ ವ್ಯಯಕ್ಕೇ ಮೂಲವಾಯಿತು.

ತಿಂಗಳಿಗೆ ಎರಡು ಭಾನುವಾರ ನಾನು ಹೊಸಪೇಟೆಯಿಂದ ಎಮ್ಮಿಗನೂರಿಗೆ ಹೋಗುತ್ತೇನೆ. ಅಲ್ಲಿ ಅವ್ವ ಇದ್ದಾಳೆ. ಕಮಲಾಪುರ, ಬುಕ್ಕಸಾಗರ, ಕಂಪ್ಲಿ ದಾಟಿ ಹೋಗಬೇಕು. ಕಬ್ಬು, ಬಾಳೆ, ಭತ್ತ ಕಣ್ಣಿಗೆ ತಂಪು. ರಸ್ತೆ ಮಾತ್ರ ಬೆನ್ನಿಗೆ ಶಿಕ್ಷೆ. ಎರೆನೆಲದ ಗುಣವೇ ಹಾಗೆ: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿರುವ ಡಾಂಬರು ಅದರ ಉಸಿರಾಟಕ್ಕೆ ತಕ್ಕಂತೆ ಏಳಬೇಕು, ಬೀಳಬೇಕು. ಕಮಲಾಪುರ ದಾಟುವಾಗ ಹಂಪೆಯ ಕಲ್ಲಿನ ರಥ ನೆನಪಾಗುತ್ತಿತ್ತು. ೨೦೧೭ರಿಂದ ಐವತ್ತು ರೂಪಾಯಿ ನೋಟಿನ ಮೇಲೂ ಕುಳಿತಿರುವ ಆ ರಥವೇ ನಮ್ಮ ಸೀಮೆಯಲ್ಲಿ ಕಿರಿಗುಟ್ಟದ ಏಕೈಕ ವಾಹನ. ಕಾರಣ ಸರಳ: ಅದು ಕದಲುವುದಿಲ್ಲ. ಕದಲುವುದಕ್ಕೆ ಕೀಲು ಬೇಕು. ಕೀಲಿದ್ದಲ್ಲಿ ಉಜ್ಜಾಟ, ಉಜ್ಜಾಟವಿದ್ದಲ್ಲಿ ದನಿ.

ದನಿಗೆ ನಾನು ಕಂಡುಕೊಂಡ ಮೊದಲ ಮದ್ದು ರೇಡಿಯೋ. ಅದನ್ನು ಜೋರಾಗಿ ಹಾಕಿದರೆ ಕಾರು ಸರಿಯಾದಂತೆ ತೋರುತ್ತಿತ್ತು. ಎರಡನೆಯ ಮದ್ದು ಒಂದು ಗ್ಯಾರೇಜಿನದು. ಅಲ್ಲಿಯ ಮೇಸ್ತ್ರಿ ಕಾರಿನ ಕೆಳಗೆ ಬಗ್ಗಿ ಎಲ್ಲ ಕಡೆಗೂ ಎಣ್ಣೆ ಸಿಂಪಡಿಸಿದ. ಎಂಟು ದಿನ ಕಾರು ಮೌನವ್ರತ ಹಿಡಿಯಿತು. ಒಂಬತ್ತನೆಯ ದಿನ ವ್ರತ ಮುರಿದು, ಬಡ್ಡಿ ಸೇರಿಸಿ ಕೂಗಿತು. ಶಾಕ್ ಅಬ್ಸಾರ್ಬರ್ ಬದಲಿಸಬೇಕೆಂದ, ಬದಲಿಸಿದೆವು. ಹಣ ಹೋಯಿತು, ಕಿರಿಕಿರಿ ಉಳಿಯಿತು.

ಅವ್ವನ ಫೋನುಗಳು ಹೆಚ್ಚಿದ್ದೂ ಅದೇ ಬೇಸಗೆಯಲ್ಲಿ. ಹಾಲು ನೀರಾಗಿದೆ ಎಂದಳು, ಹಾಲಿನವನನ್ನು ಬದಲಿಸಿದೆ. ನಲ್ಲಿ ಸೋರುತ್ತದೆ ಎಂದಳು, ಆಳು ಕಳುಹಿಸಿದೆ. ಟಿ.ವಿ. ಸರಿಯಿಲ್ಲ ಎಂದಳು, ಹೊಸದು ತಂದಿಟ್ಟೆ. ಪ್ರತಿಯೊಂದಾದ ಮೇಲೂ ಎಂಟು ದಿನ ಸುಮ್ಮನಿರುತ್ತಿದ್ದಳು. ಆ ಎಂಟು ದಿನಕ್ಕೂ ಈ ಎಂಟು ದಿನಕ್ಕೂ ನಂಟಿದೆಯೆಂದು ನನಗೆ ಆಗ ಹೊಳೆಯಲಿಲ್ಲ.

ಒಂದು ಭಾನುವಾರ ಬಾಗಿಲಲ್ಲಿ ಕಾರು ನಿಲ್ಲಿಸುತ್ತಿದ್ದಂತೆ ಅವ್ವ ಅಂದಳು: “ನಿನ್ನ ಗಾಡಿ ಅಳ್ತಾ ಬರ್ತೈತಲ್ಲೋ. ಎಣ್ಣಿ ಹಾಕ್ಸಿಲ್ಲೇನು?”

ಅಪ್ಪನ ಚಕ್ಕಡಿಯ ಕಾಲದವಳು ಅವಳು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ನೇತು ಹಾಕುತ್ತಿದ್ದರು. ಅಚ್ಚು ಕೂಗಿದರೆ ಎತ್ತಿಗೆ ಭಾರ ಎಂದು ಅಪ್ಪ ಅರ್ಧದಾರಿಯಲ್ಲೇ ಇಳಿದು ಸವರುತ್ತಿದ್ದ. ಎಣ್ಣೆ ಹಾಕಿಸಿದ್ದಾಯಿತು ಎಂದೆ. ಅವಳು ನಂಬದೆ, ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗನಿಗೆ ಹೇಳಿ ಕಳುಹಿಸಿದಳು.

ಹುಡುಗ ಬಂದವನು ಕಾರನ್ನು ಮುಟ್ಟಲಿಲ್ಲ. “ಹೆಂಗ್ ಶಬ್ದ ಮಾಡ್ತೈತಿ, ಸಾರ್? ಕಿರ್ ಅಂತೈತಾ, ಟಕ್ ಅಂತೈತಾ?” ಎಂದು ಕೇಳಿದ. ನನಗೆ ರೋಮಾಂಚನವಾಯಿತು. ಟಕ್ ಟಕ್ ಎಂದರೆ ಯಾವುದೋ ಕೀಲು ಸವೆದು ಸಡಿಲವಾಗಿದೆ. ಕಿರ್ ಎಂದರೆ ಸಾಮಾನ್ಯವಾಗಿ ರಬ್ಬರು ಒಣಗಿ ಕಬ್ಬಿಣಕ್ಕೆ ಉಜ್ಜುತ್ತಿದೆ ಎಂದು ಅವನು ವಿವರಿಸಿದ. ನನ್ನ ಅನುಕರಣಾವ್ಯಯಕ್ಕೆ ಇಂಥ ಪ್ರಯೋಜನವನ್ನು ಯಾವ ತರಗತಿಯಲ್ಲೂ ನಾನು ಹೇಳಿರಲಿಲ್ಲ.

ಅವ್ವನ ಬಚ್ಚಲಿನಿಂದ ಒಂದು ಬಾಟಲಿಯಲ್ಲಿ ಸಬ್ಬುನೀರು ತರಿಸಿದ. ಕಾರಿನ ಮುಂಭಾಗವನ್ನು ಒತ್ತಿ ಒತ್ತಿ ಬಿಡುವ ಕೆಲಸ ನನ್ನದಾಯಿತು. ಅವನು ಕೆಳಗೆ ತೂರಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಕೀಲಿಗೂ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಿದ; ಆಮೇಲೆ ಆ ಕೀಲಿಗೊಂದು ಗುಟುಕು ಸಬ್ಬುನೀರು. ನಾನು ಬಲಗಡೆ ಎಂದು ಆಣೆ ಮಾಡಿ ಹೇಳಿದ್ದೆ. ಬಲಗಡೆಯ ಕೀಲುಗಳೆಲ್ಲ ನೀರು ಕುಡಿದರೂ ಕೂಗು ನಿಲ್ಲಲಿಲ್ಲ. ಎಡಗಡೆಯ ಒಂದು ಜಾಗಕ್ಕೆ ನೀರು ಬಿದ್ದದ್ದೇ ತಡ, ಕಾರು ಬಾಯಿ ಮುಚ್ಚಿತು. ಕಬ್ಬಿಣ ದನಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತುಕೊಂಡು ಹೋಗುತ್ತದೆಯಂತೆ. ಕೇಳಿಸಿದ ಕಡೆಯೇ ನೋವಿದೆ ಎಂದು ನಂಬಬಾರದಂತೆ.

ಕಳ್ಳ ಸಿಕ್ಕಿದ. ಮುಂದಿನ ಎರಡು ಚಕ್ರಗಳ ನಡುವೆ ಒಂದು ಬಾಗಿದ ಸರಳಿದೆ, ಸ್ಟೆಬಿಲೈಜರ್ ರಾಡು. ತಿರುವಿನಲ್ಲಿ ಕಾರು ಒಂದೇ ಮಗ್ಗುಲಿಗೆ ವಾಲದಂತೆ ತಡೆಯುವುದು ಅದರ ಕೆಲಸ. ಅದನ್ನು ಒಡಲಿಗೆ ಹಿಡಿದಿಡುವ ಹೆಬ್ಬೆರಳು ಗಾತ್ರದ ರಬ್ಬರ್ ಬುಷ್ ಉಬ್ಬಿ, ಬಿರಿದು, ಜಿಡ್ಡಾಗಿತ್ತು.

“ಇದಕ್ಕೆ ಎಣ್ಣಿ ಹಾಕ್ಯಾರ, ಸಾರ್. ಕಬ್ಬಿಣಕ್ಕೆ ಎಣ್ಣಿ ಅಮೃತ, ರಬ್ಬರಿಗೆ ವಿಷ. ಎಂಟು ದಿನ ಸುಮ್ನಿರ್ತೈತಿ, ಆಮ್ಯಾಲೆ ಕೊಳೀತೈತಿ.”

ಹೊಸ ಬುಷ್ ತರಲು ಅವನು ಬೈಕು ಹತ್ತಿ ಕಂಪ್ಲಿಗೆ ಹೋದ. ಕಾರು ಜಾಕಿಯ ಮೇಲೆ. ನಾನು ಕಟ್ಟೆಯ ಮೇಲೆ. ಊಟ ಮುಗಿಯುತ್ತಲೇ ಹೊರಡುವ ನನಗೆ ಅಂದು ಹೊರಡಲು ವಾಹನವಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವ್ವನ ಪಕ್ಕದಲ್ಲಿ ಕೆಲಸವಿಲ್ಲದೆ ಕುಳಿತೆ.

“ಹಾಲು ಈಗ ಚಲೋ ಬರ್ತೈತೇನವ್ವಾ?” ಎಂದೆ. ಬರ್ತೈತಿ ಎಂದಳು. ನಲ್ಲಿ? ಸೋರಲ್ಲ. ಟಿ.ವಿ.? ಐತಿ. ರಾತ್ರಿ ನಿದ್ದೆ? ಬರ್ತೈತಿ. ಸಂಜೆ ಏನು ಮಾಡ್ತೀ? ಅವಳು ಉತ್ತರ ಕೊಡಲಿಲ್ಲ. ಕಣ್ಣು ಎದುರುಮನೆಯ ಬೀಗದ ಕಡೆಗೆ ಹೋಯಿತು. ನಲವತ್ತು ವರ್ಷ ಸಂಜೆ ಈ ಕಟ್ಟೆಯ ಮೇಲೆ ಅವಳೊಡನೆ ಅಕ್ಕಿ ಆರಿಸುತ್ತ ಕುಳಿತಿದ್ದ ಎದುರುಮನೆಯಾಕೆಯನ್ನು, ಯುಗಾದಿ ಮುಗಿದ ಮೇಲೆ ಮಗ ಬೆಂಗಳೂರಿಗೆ ಕರೆದೊಯ್ದಿದ್ದ. ಆ ಬೀಗವನ್ನು ನಾನೂ ಪ್ರತಿ ಸಲ ನೋಡಿದ್ದೆ. ಅದರ ಎದುರಿಗೇ ಕಾರು ನಿಲ್ಲಿಸುತ್ತಿದ್ದೆ.

ಹಾಲಿನವನ ಮೇಲೆ ಬಂದ ದೂರು ಎದುರುಮನೆಯ ಬಾಗಿಲಿನದಾಗಿತ್ತು. ನಾನು ಎಲ್ಲ ಕಡೆಗೂ ಎಣ್ಣೆ ಸಿಂಪಡಿಸಿದ್ದೆ.

ಇದಕ್ಕೆ ಕಂಪ್ಲಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ಬೆಂಗಳೂರಿನ ನಂಬರು ಹುಡುಕಿ ಫೋನು ಹಚ್ಚಿಕೊಟ್ಟೆ. ಮೊದಲು ಇಬ್ಬರೂ ಅತ್ತರು. ಆಮೇಲೆ ಇಬ್ಬರೂ ಸೊಸೆಯಂದಿರ ಮಾತೆತ್ತಿದರು. ನಾನು ಎದ್ದು ಕಾರಿನ ಕಡೆಗೆ ಹೋದೆ.

ಹುಡುಗ ಬಂದು, ಜಿಡ್ಡನ್ನು ಚೊಕ್ಕಟವಾಗಿ ಒರೆಸಿ, ಹೊಸ ಬುಷ್ ಕೂರಿಸಿದ. ಬೋಲ್ಟುಗಳನ್ನು ಕೈಬಿಗಿಗೆ ನಿಲ್ಲಿಸಿ ಜಾಕಿ ಇಳಿಸಿದ. “ಭಾರ ನೆಲಕ್ಕೆ ಬಿದ್ದ ಮ್ಯಾಲೇ ಬಿಗಿ ಮಾಡ್ಬೇಕು, ಸಾರ್. ಗಾಳಿಯಾಗ ಬಿಗಿದ್ರೆ ರಬ್ಬರು ತಿರುಚಿಕೊಂಡು ಹರೀತೈತಿ.” ಬುಷ್ಷಿಗೆ ಕೊಟ್ಟ ನೂರರ ನೋಟಿಗೆ ಚಿಲ್ಲರೆ ಬಂತು.

ಅಂದು ಹೊಸಪೇಟೆಯವರೆಗೂ ರೇಡಿಯೋ ಹಾಕಲಿಲ್ಲ. ಮರುವಾರವೇ ಮತ್ತೆ ಹೋದೆ. ಬಾಗಿಲು ತಟ್ಟಿದಾಗ ಅವ್ವ ಬೆಚ್ಚಿಬಿದ್ದಳು. ಸಂತೋಷಪಟ್ಟಾಳೆಂದು ನಿಂತಿದ್ದರೆ ಮುಖ ಗಂಟಿಕ್ಕಿದಳು.

“ಮೊದ್ಲು ಓಣಿ ತಿರುವಿನಾಗ ನಿನ್ನ ಗಾಡಿ ಕೂಗಿದ್ರ ಹಂಚು ಇಡ್ತಿದ್ದೆ. ನೀನು ಕೈಕಾಲು ತೊಳೆಯೋದ್ರಾಗ ಬಿಸಿ ರೊಟ್ಟಿ ಆಗ್ತಿತ್ತು. ಈಗ ಸದ್ದಿಲ್ದ ಬಂದ್ರ ನನಗೆ ಹೆಂಗ್ ಗೊತ್ತಾಗ್ಬೇಕು?”

ಈಗ ಮನೆ ಬಿಡುವ ಮೊದಲು ಫೋನು ಮಾಡುತ್ತೇನೆ. ಅರ್ಧ ಗಂಟೆ ತಡವಾಗಿ ಹೊರಡುತ್ತೇನೆ. ಅವಳ ಮಾತು ಅಷ್ಟು ಬೇಗ ಮುಗಿಯುವುದಿಲ್ಲ.