ಕೆರೆಯ ಗೆರೆ

ಕಳೆದ ದಸರಾ ರಜೆಯಲ್ಲಿ ನಾವು ಮೂವರು ಹಾಸ್ಟೆಲ್‌ನಲ್ಲಿ ಕೂತಲ್ಲೇ ಒಂದು ಊರನ್ನ 12 ಮೀಟರ್ ಪಶ್ಚಿಮಕ್ಕೆ ತಳ್ಳಿಬಿಟ್ಟಿದ್ವಿ.

ಊರು ನಮ್ಮ ರೂಮ್‌ಮೇಟ್‌ನದ್ದು, ತುಮಕೂರು ಜಿಲ್ಲೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅಲ್ಲಿ ಒಂದು ರಸ್ತೆ ಬಿಟ್ಟರೆ ಏನೂ ಇರಲಿಲ್ಲ. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಅದು. ಬ್ರೌಸರ್‌ನಲ್ಲೇ ಐಡಿ ಅನ್ನೋ ಎಡಿಟರ್ ತೆರೆದುಕೊಳ್ಳುತ್ತೆ. ಹಿನ್ನೆಲೆಯಲ್ಲಿ ಉಪಗ್ರಹ ಚಿತ್ರ. 1 ಒತ್ತಿದರೆ ಚುಕ್ಕೆ, 2 ಒತ್ತಿದರೆ ಗೆರೆ, 3 ಒತ್ತಿದರೆ ಪ್ರದೇಶ. ಮನೆಯ ನಾಲ್ಕು ಮೂಲೆ ಗುರುತಿಸಿ ಕ್ಯೂ ಒತ್ತಿದರೆ ಸಾಕು, ಮೂಲೆಗಳೆಲ್ಲ ನೆಟ್ಟಗಾಗಿ ಕೂರುತ್ತವೆ. (ಫಸ್ಟ್ ಇಯರ್ ಡ್ರಾಯಿಂಗ್ ಕ್ಲಾಸಲ್ಲಿ ಈ ಕ್ಯೂ ಇದ್ದಿದ್ರೆ!) ಸಂಜೆಯೊಳಗೆ 140 ಮನೆ ಬರೆದು ಬೀಗಿದ್ವಿ.

ಊರಿಗೆ ಹೋಗಿದ್ದ ರೂಮ್‌ಮೇಟ್ ಫೋನಿನ ಜಿಪಿಎಸ್ ಹಾಕಿಕೊಂಡು ಬೀದಿ ಸುತ್ತಿ ಆ ಫೈಲ್ ಕಳಿಸಿದ. ಎಡಿಟರ್ ಮೇಲೆ ಎಳೆದು ಹಾಕಿದ್ರೆ ಅವನು ನಡೆದ ದಾರಿ ನಮ್ಮ ಮನೆಗಳ ಅಡುಗೆಮನೆ ಹಾದು ಹೋಗ್ತಿತ್ತು! ಫೋನಿನದ್ದೇ ತಪ್ಪಿರಬಹುದು ಅಂತ ಇನ್ನೆರಡು ಸಲ ನಡೆಸಿದ್ವಿ. ಮೂರೂ ಗೆರೆ ಒಂದೇ ಕಡೆ. ಉಪಗ್ರಹ ಓರೆಯಾಗಿ ನೋಡಿ ತೆಗೆದ ಚಿತ್ರ ನೆಲದ ಮೇಲೆ ಸರಿಯಾಗಿ ಕೂರದೆ ಹೀಗೆ ಜರುಗಿರುತ್ತೆ. ಬಿ ಒತ್ತಿ, ಹಿನ್ನೆಲೆ ಫಲಕದಲ್ಲಿ ಚಿತ್ರವನ್ನ ಮೊದಲೇ ಸರಿಸಿಕೊಳ್ಳಬೇಕಿತ್ತು. ಮನೆಗಳನ್ನ ಗುಂಪು ಗುಂಪಾಗಿ ಆಯ್ದು, ಎಂ ಒತ್ತಿ ವಾಪಸ್ ತಂದಿಟ್ಟೆವು.

ಕೆರೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೊದಲ ಚಿತ್ರದಲ್ಲಿ ಹಸಿರು ಬೆಳೆ ಕಂಡಿತ್ತು, ಹೊಲ ಅಂತಲೇ ಬರೆದಿದ್ವಿ. ಹಿನ್ನೆಲೆ ಬದಲಿಸಿದ್ರೆ ಅದೇ ಜಾಗದಲ್ಲಿ ತುಂಬು ನೀರು. ಫೋನ್‌ನಲ್ಲಿ ಕೇಳಿದಾಗ ಅವನ ಅಜ್ಜಿ ಪಕ್ಕದಲ್ಲೇ ಇದ್ರು: “ನೀರಿಲ್ದಿದ್ರೆ ಕೆರೆ ಇಲ್ದಂಗಾಯ್ತದೇನ್ರಪ್ಪಾ? ಏರಿ ಐತೆ, ತೂಬೈತೆ, ಕೋಡಿ ಐತೆ.” ಆಮೇಲೆ ನೋಡಿದ್ರೆ ಹಸಿರಿನ ಚಿತ್ರದಲ್ಲೂ ಏರಿ ಬಿಲ್ಲಿನ ಹಾಗೆ ಎದ್ದು ಕಾಣ್ತಿತ್ತು. ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ.

ಹೊಲ ಅಳಿಸಿ, ತುಂಬಿದ ಚಿತ್ರದ ನೀರಿನ ಅಂಚು ಹಿಡಿದು ಕೆರೆ ಬರೆದೆವು. ವರ್ಷವಿಡೀ ನೀರಿರಲ್ಲ ಅನ್ನೋ ಟ್ಯಾಗೂ ಹಾಕಿದ್ವಿ.

ರಜೆ ಮುಗಿಸಿ ಬಂದ ರೂಮ್‌ಮೇಟ್ ಸ್ಕ್ರೀನ್ ನೋಡಿ ಸುಮ್ಮನಾದ. “ಈ ಮೂಲೆ ಸ್ವಲ್ಪ ಒಳಕ್ಕೆ ಎಳೀರೋ. ಅದು ನಮ್ಮ ಚಿಕ್ಕಪ್ಪನ ತೆಂಗಿನ ತೋಟ.”

ನಮ್ಮ ನಕ್ಷೆ ಪಹಣಿಯೇನಲ್ಲ, ಇದರಿಂದ ಯಾರ ಜಮೀನೂ ಹೋಗಲ್ಲ ಅಂದ್ವಿ. “ಹಾಗಾದ್ರೆ ಎಳೆದ್ರೇನು ಕಷ್ಟ?” ಅಂದ. ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ. ತುಂಬಿದ ಚಿತ್ರವನ್ನ ದೊಡ್ಡದು ಮಾಡಿ ತೋರಿಸಿದ್ವಿ. ಹನ್ನೊಂದು ತೆಂಗಿನ ಮರ ನೀರಲ್ಲಿ ನಿಂತಿದ್ದವು. ಅವನೂ ಎಣಿಸಿದ.

ಎರಡು ದಿನ ಆ ಟ್ಯಾಬ್ ಹಾಗೇ ತೆರೆದಿತ್ತು. ಮೂರನೇ ದಿನ ರಾತ್ರಿ ಮೆಸ್‌ನಿಂದ ಬರೋಷ್ಟರಲ್ಲಿ ಅವನೇ ಅಪ್‌ಲೋಡ್ ಮಾಡಿದ್ದ. ಮೂಲೆ ಇದ್ದಲ್ಲೇ ಇತ್ತು.